ನೆರೆಮನೆಯ ನಿಯಮ

ಪಂಡಿತರು: ಕಾಗದದ ಮೇಲೆ ಚದುರಂಗದ ಹಾಸಿನಂತೆ ಮನೆಗಳನ್ನು ಹಾಕಿ, ಒಂದೊಂದು ಮನೆಯಲ್ಲಿಯೂ ಸೊನ್ನೆಯನ್ನೋ ಒಂದನ್ನೋ ಬರೆದು, ಬರೆದುದನ್ನು ಅಳಿಸಿ, ಮರಳಿ ಬರೆಯುತ್ತಿರುವ ತಮ್ಮ ಈ ವ್ಯಾಪಾರವು ಗಣಿತಕ್ಕೆ ಸೇರಿದ್ದೋ ವಿನೋದಕ್ಕೆ ಸೇರಿದ್ದೋ ನನಗೆ ತಿಳಿಯದು, ಮೇಷ್ಟರೇ. ಮಾಯಾಚೌಕವೆಂದರೆ ಅಡ್ಡಸಾಲು ಕಂಬಸಾಲುಗಳ ಮೊತ್ತ ಸಮವಾಗಬೇಕೆಂಬ ಚಮತ್ಕಾರವಾದರೂ ಅದರಲ್ಲಿ ಉಂಟು. ಇದರಲ್ಲಿ ಅಂಥದೇನೂ ನನ್ನ ಕಣ್ಣಿಗೆ ಬೀಳಲಿಲ್ಲ.

ಉಪಾಧ್ಯಾಯರು: ಮೊತ್ತದ ಗೊಡವೆ ಇದರಲ್ಲಿ ಇಲ್ಲ, ಪಂಡಿತರೇ; ನೆರೆಹೊರೆಯ ಗೊಡವೆ ಮಾತ್ರ ಉಂಟು. 1 ಇರುವ ಮನೆಯ ಎಡಬಲಗಳಲ್ಲಾಗಲಿ ಮೇಲುಕೆಳಗುಗಳಲ್ಲಾಗಲಿ ಇನ್ನೊಂದು 1 ಇರಕೂಡದು. ಮೂಲೆಗೆ ಮೂಲೆ ತಾಗಿದರೆ ಬಾಧಕವಿಲ್ಲ. ಸೊನ್ನೆಗಳು ಎಷ್ಟಾದರೂ ಒತ್ತೊತ್ತಾಗಿ ಇರಬಹುದು. ಈ ಕಟ್ಟಳೆಗೆ ಭಂಗ ಬಾರದಂತೆ ಇಂತಿಷ್ಟು ಮನೆಗಳನ್ನು ಎಷ್ಟು ಬಗೆಯಲ್ಲಿ ತುಂಬಲಾದೀತು ಎಂಬುದೊಂದೇ ಪ್ರಶ್ನೆ. ಇದಕ್ಕಿಂತ ಸರಳವಾದ ಕಟ್ಟಳೆಯನ್ನು ಕಲ್ಪಿಸುವುದೇ ಕಷ್ಟ. ಆದರೂ ಹಾಸು ದೊಡ್ಡದಾಗುತ್ತ ಹೋದಾಗ ಇದರ ಉತ್ತರವು ಯಾವ ಸೂತ್ರಕ್ಕೆ ಅಧೀನವೆಂಬುದನ್ನು ಇಂದಿನವರೆಗೆ ಯಾರೂ ಕಂಡುಕೊಂಡಿಲ್ಲ.

ಪಂಡಿತರು: ಹಾಗೆಂದರೆ ನಂಬುವುದು ಹೇಗೆ? ಬರೆಯುತ್ತ ಹೋದರೆ, ಎಣಿಸುತ್ತ ಹೋದರೆ, ಎಂದಾದರೊಂದು ದಿನ ಮುಗಿಯಲೇಬೇಕಷ್ಟೆ. ಅನಂತವಾದದ್ದೇನೂ ಇಲ್ಲಿ ಇಲ್ಲವಲ್ಲ.

ಉಪಾಧ್ಯಾಯರು: ಬರೆದೇ ನೋಡೋಣ. ಒಂದೇ ಸಾಲು, ನಾಲ್ಕೇ ಮನೆ ಎಂದಿಟ್ಟುಕೊಳ್ಳಿ. ಎಲ್ಲವೂ ಸೊನ್ನೆಯಾದದ್ದು ಒಂದು, ಒಂದೇ ಒಂದು 1 ಇರತಕ್ಕವು ನಾಲ್ಕು, ಎರಡು 1 ಇರತಕ್ಕವು 1010, 1001, 0101 ಎಂದು ಮೂರು, ಒಟ್ಟಿನಲ್ಲಿ ಎಂಟು. ಇದೇ ರೀತಿ ಒಂದು ಮನೆಗೆ 2, ಎರಡು ಮನೆಗೆ 3, ಮೂರಕ್ಕೆ 5, ನಾಲ್ಕಕ್ಕೆ 8, ಐದಕ್ಕೆ 13. ಕಾರಣವೂ ಸುಲಭವೇ. ಕೊನೆಯ ಮನೆಯಲ್ಲಿ 0 ಇದ್ದರೆ ಅದರ ಹಿಂದಿನ ಮನೆಗಳೆಲ್ಲ ಸ್ವತಂತ್ರ. 1 ಇದ್ದರೆ ಅದಕ್ಕೆ ಹಿಂದಿನದು 0 ಆಗಲೇಬೇಕಾದುದರಿಂದ ಅದಕ್ಕೂ ಹಿಂದಿನವು ಮಾತ್ರ ಸ್ವತಂತ್ರ. ಆದಕಾರಣ ಪ್ರತಿಯೊಂದು ಸಂಖ್ಯೆಯೂ ತನ್ನ ಹಿಂದಿನ ಎರಡರ ಮೊತ್ತ.

ಪಂಡಿತರು: ತಾಳಿ, ತಾಳಿ. ಇದು ನನ್ನ ಮನೆಯ ಸರಕು! ಮೂರು ಮಾತ್ರೆಯ ಗಣ ಮೂರು ಬಗೆ, ನಾಲ್ಕು ಮಾತ್ರೆಯದು ಐದು ಬಗೆ, ಐದು ಮಾತ್ರೆಯದು ಎಂಟು ಬಗೆ. ಉತ್ಸಾಹ, ಮಂದಾನಿಲ, ಲಲಿತ ರಗಳೆಗಳನ್ನು ಪಾಠ ಹೇಳಿದವನಿಗೆ ಇದನ್ನು ಬೇರೆಯವರು ತಿಳಿಸಬೇಕಾಗಿಲ್ಲ. ಲಘುವಿನ ಮೇಲೆ ಗುರು ಕೂತು ಗಣ ಮೊದಲಾಗಕೂಡದೆಂಬ ನಿಷೇಧದಿಂದ ನಮ್ಮ ಕವಿಗಳ ಪ್ರಯೋಗದಲ್ಲಿ ಕೆಲವು ಬಿಟ್ಟುಹೋಗುವುವೆಂಬುದು ನಿಜ. ಆದರೆ ಪ್ರಸ್ತಾರದ ಲೆಕ್ಕ ಅದೇ. ಕೊನೆಯ ಅಕ್ಷರ ಲಘುವಾದರೆ ಹಿಂದೆ ಉಳಿಯುವುದು ಒಂದು ಮಾತ್ರೆ ಕಡಮೆಯಾದ ಪ್ರಸ್ತಾರ, ಗುರುವಾದರೆ ಎರಡು ಮಾತ್ರೆ ಕಡಮೆಯಾದದ್ದು. ವಿರಹಾಂಕನೂ, ಅವನಿಂದ ಬಹುಕಾಲದ ತರುವಾಯ ಗುಜರಾತಿನಲ್ಲಿ ಹೇಮಚಂದ್ರನೂ ಇದನ್ನು ಹೇಳಿಟ್ಟರು. ಪಶ್ಚಿಮದವರು ಈ ಅಂಕಮಾಲೆಗೆ ಯಾರ ಹೆಸರನ್ನು ಕೊಟ್ಟಿದ್ದಾರೋ ಆ ಫಿಬೊನಾಚಿ ತನ್ನ ಗ್ರಂಥವನ್ನು ರಚಿಸಿದ್ದು 1202ರಲ್ಲಿ. ಹೇಮಚಂದ್ರ ಅವನಿಗಿಂತ ಸುಮಾರು ಅರ್ಧ ಶತಮಾನ ಹಿಂದಿನವನು.

ಉಪಾಧ್ಯಾಯರು: ಅಂಕೆಗಳು ಒಂದೇ ಆದವೆಂದಮಾತ್ರಕ್ಕೆ ವಸ್ತುಗಳೂ ಒಂದೇ ಎಂದು ಹೇಳಲಾದೀತೆ? ನನ್ನ ನಾಲ್ಕು ಮನೆಗೆ ಎಂಟಾದರೆ ತಮ್ಮ ಎಂಟು ಬಂದದ್ದು ಐದು ಮಾತ್ರೆಗೆ.

ಪಂಡಿತರು: ಆ ಒಂದು ಹೆಚ್ಚಿಗೆಯನ್ನು ಕುರಿತೇ ಯೋಚಿಸುತ್ತಿದ್ದೇನೆ. ತಮ್ಮ ಸಾಲಿನಲ್ಲಿ 1ರ ಮುಂದೆ 0 ಬರಲೇಬೇಕು; ಆದುದರಿಂದ 1 ಮತ್ತು ಅದರ ಮುಂದಿನ 0 ಇವೆರಡನ್ನೂ ಕೂಡಿಸಿ ಎರಡು ಮಾತ್ರೆಯ ಗುರುವೆನ್ನೋಣ; ಮಿಕ್ಕ ಬಿಡಿ ಸೊನ್ನೆಗಳು ಲಘುಗಳಾಗಲಿ. ಕೊನೆಯ ಮನೆಯಲ್ಲಿ 1 ಬಂದರೆ ಮಾತ್ರ ಅದಕ್ಕೆ ಜೊತೆಯ ಸೊನ್ನೆ ಇಲ್ಲದೆ ಹೋಗುತ್ತದೆ. ಹಾಗಾದರೆ ಪ್ರತಿಯೊಂದು ಸಾಲಿನ ಕೊನೆಗೂ ಒಂದು ಸೊನ್ನೆಯನ್ನು ಸೇರಿಸಿಬಿಟ್ಟರೆ ಆಯಿತು. ನಾಲ್ಕು ಮನೆ ಐದು ಮಾತ್ರೆಯಾಯಿತು, 1001 ಎಂಬುದು ಗುರು ಲಘು ಗುರು ಆಯಿತು!

ಉಪಾಧ್ಯಾಯರು: ಇನ್ನು ನಾನು ಸೇರಿಸಬೇಕಾದದ್ದೇನೂ ಇಲ್ಲ. ನಿರ್ದಿಷ್ಟವಾಗಿ ಇಷ್ಟೇ 1ಗಳು ಇರಬೇಕೆಂದು ಕೇಳಿದರೂ ಒಂದು ಸಾಲಿನ ಮಟ್ಟಿಗೆ ಉತ್ತರ ಸಿದ್ಧವಾಗಿದೆ. ಮೊದಲು ಸೊನ್ನೆಗಳನ್ನು ಇರಿಸಿಕೊಂಡು ಅವುಗಳ ನಡುವಣ ಮತ್ತು ಅಂಚಿನ ಸಂದುಗಳಲ್ಲಿ 1ಗಳಿಗೆ ಸ್ಥಾನವನ್ನು ಆರಿಸಿದರೆ ಸಾಕು. ಆರಿಸುವ ಬಗೆಗಳ ಸಂಖ್ಯೆಗೆ ಸಾಮಾನ್ಯ ಸೂತ್ರವನ್ನು ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಕೊಟ್ಟಿದ್ದಾನೆ.

ಪಂಡಿತರು: ಅದು ನಮ್ಮಲ್ಲಿ ಲಗಕ್ರಿಯೆ. ಪ್ರಸ್ತಾರ, ನಷ್ಟ, ಉದ್ದಿಷ್ಟ, ಲಗಕ್ರಿಯೆ, ಸಂಖ್ಯೆ, ಅಧ್ವಯೋಗ ಎಂದು ಷಟ್ಪ್ರತ್ಯಯಗಳು; ನಾಗವರ್ಮನ ಛಂದೋಂಬುಧಿಯಲ್ಲಿಯೂ ಅವುಗಳ ನಿರೂಪಣೆ ಉಂಟು. ಇಷ್ಟೆಲ್ಲವನ್ನೂ ನಮ್ಮ ಹಿರಿಯರು ಮುಗಿಸಿರುವಾಗ ತಾವು ಉತ್ತರವಿಲ್ಲವೆಂದುದು ಯಾವುದಕ್ಕೆ?

ಉಪಾಧ್ಯಾಯರು: ಎರಡನೆಯ ಸಾಲನ್ನು ಇದರ ಕೆಳಗೆ ಎಳೆಯಿರಿ, ತಿಳಿಯುತ್ತದೆ. ಈಗ ಒಂದು ಕಂಬಸಾಲಿನಲ್ಲಿ ಎರಡು ಮನೆ. ಎರಡೂ ಸೊನ್ನೆ, ಮೇಲಿನದು 1, ಕೆಳಗಿನದು 1, ಹೀಗೆ ಮೂರೇ ಸ್ಥಿತಿ. ಮೇಲೆ 1 ಇರುವ ಕಂಬದ ಮುಂದೆ ಖಾಲಿ ಕಂಬ ಬರಬಹುದು, ಇಲ್ಲವೇ ಕೆಳಗೆ 1 ಇರುವುದು ಬರಬಹುದು. ಅಂತೂ ಯಾವ ಕಂಬದ ಮುಂದೆಯೂ ಕಡಮೆಯೆಂದರೆ ಎರಡು ದಾರಿ. ಖಾಲಿ ಕಂಬದ ಮುಂದೆ ಮಾತ್ರ ಮೂರನೆಯದೊಂದು ಹೆಚ್ಚು. ಕೊನೆಯ ಕಂಬ ಖಾಲಿಯಾದ ವಿನ್ಯಾಸಗಳು ಎಷ್ಟೆಂದರೆ ಅದಕ್ಕಿಂತ ಒಂದು ಕಂಬ ಕಡಮೆಯಾದ ವಿನ್ಯಾಸಗಳಷ್ಟು. ಆದುದರಿಂದ ಇಂದಿನ ಸಂಖ್ಯೆಯ ಇಮ್ಮಡಿಗೆ ಹಿಂದಿನದನ್ನು ಕೂಡಿಸಿದರೆ ಮುಂದಿನದು ಬರುತ್ತದೆ. ಒಂದು ಕಂಬಕ್ಕೆ 3, ಎರಡಕ್ಕೆ 7. ತಾವೇ ಮುಂದುವರಿಸಿ.

ಪಂಡಿತರು: ಏಳೆರಡಲ ಹದಿನಾಲ್ಕು, ಮೂರು ಕೂಡಿ 17. ಮುಂದೆ 41. ಅದರ ಮುಂದೆ 99, 239, ಏಳನೆಯದು 577. ... ಐನೂರ ಎಪ್ಪತ್ತೇಳು! ಮೇಷ್ಟರೇ, ಈ ಸಂಖ್ಯೆಯನ್ನು ನಾನು ಬಲ್ಲೆ. ಶುಲ್ಬಸೂತ್ರದಲ್ಲಿ ಚೌಕದ ಕರ್ಣಕ್ಕೆ ಬೌಧಾಯನನು ಹೇಳುವ ಕ್ರಮವೇನು? ಭುಜಕ್ಕೆ ಅದರ ಮೂರನೆಯ ಒಂದು ಪಾಲನ್ನು ಕೂಡಿಸಿ, ಆ ಪಾಲಿನ ನಾಲ್ಕನೆಯ ಒಂದನ್ನು ಕೂಡಿಸಿ, ಹಾಗೆ ಕೂಡಿಸಿದುದರ ಮೂವತ್ತನಾಲ್ಕನೆಯ ಒಂದನ್ನು ಕಳೆ ಎಂದಷ್ಟೆ? ಛೇದವನ್ನು ಸಮ ಮಾಡಿದರೆ ಅದು 408ರ ಮೇಲೆ 577.

ಉಪಾಧ್ಯಾಯರು: ಹೌದು. ಛೇದವಾದ 408 ಕೂಡ ಇದೇ ಹಾಸಿನ ಮೇಲೆ ಇದೆ. ಏಳು ಕಂಬಗಳ ಈ 577 ವಿನ್ಯಾಸಗಳಲ್ಲಿ ಕೊನೆಯ ಕಂಬ ಪೂರ್ತಿ ಖಾಲಿಯಾದವು 239. ಮಿಕ್ಕ 338ರಲ್ಲಿ ಮೇಲೆ 1 ಇರುವವು ಅರ್ಧ, ಕೆಳಗೆ 1 ಇರುವವು ಅರ್ಧ, ತಲಾ 169. ಹಾಗಾದರೆ ಕೊನೆಯ ಕಂಬದ ಕೆಳಮನೆಯಲ್ಲಿ 0 ಇರುವ ವಿನ್ಯಾಸಗಳು ಎಷ್ಟು?

ಪಂಡಿತರು: 239ಕ್ಕೆ 169 ಕೂಡಿದರೆ 408. ಒಟ್ಟು ವಿನ್ಯಾಸಗಳನ್ನು ಮೂಲೆಮನೆ ಬರಿದಾದ ವಿನ್ಯಾಸಗಳಿಂದ ಭಾಗಿಸಿದರೆ ಬೌಧಾಯನನ ದ್ವಿಕರಣಿ! ಇದನ್ನು ಅವನು ಬಲ್ಲವನಾಗಿದ್ದನೆಂದು ಹೇಳಲು ನನಗೆ ಈಗ ಮನಸ್ಸಾಗುತ್ತಿದೆ.

ಉಪಾಧ್ಯಾಯರು: ಆ ಮನಸ್ಸನ್ನು ತಡೆಹಿಡಿಯಬೇಕೆಂದು ನನ್ನ ಪ್ರಾರ್ಥನೆ. ಶುಲ್ಬಕಾರರು ತಮ್ಮ ಮಾನವನ್ನು ಯಾವ ಮಾರ್ಗದಿಂದ ಪಡೆದರೆಂಬುದನ್ನು ಸೂತ್ರಗಳಲ್ಲಿ ಹೇಳಿಲ್ಲ; ಯಜ್ಞವೇದಿಯ ಇಟ್ಟಿಗೆಗಳನ್ನು ಅಳೆಯುತ್ತಿದ್ದವರು ಸೊನ್ನೆ ಒಂದುಗಳ ಹಾಸನ್ನು ಎಣಿಸುತ್ತಿದ್ದರೆಂದು ನಾವು ಅವರ ಬಾಯಲ್ಲಿ ಮಾತು ತುರುಕಿದರೆ ಅದು ಅವರಿಗೆ ಗೌರವವಲ್ಲ. 577ರ ವರ್ಗವು 408ರ ವರ್ಗದ ಇಮ್ಮಡಿಗಿಂತ ಒಂದೇ ಒಂದು ಹೆಚ್ಚು, 332928ಕ್ಕೆ ಪ್ರತಿಯಾಗಿ 332929. ಎರಡರ ವರ್ಗಮೂಲವನ್ನು ಹೀಗೆ ಒತ್ತಿಕೊಂಡು ನಿಲ್ಲುವ ಭಿನ್ನರಾಶಿಗಳು ವಿರಳ. ಬೇರೆ ಬೇರೆ ದಾರಿಯಿಂದ ಬಂದವರೆಲ್ಲ ಅವುಗಳನ್ನೇ ಮುಟ್ಟುತ್ತಾರೆ. ಹಾಸಿನಲ್ಲಿ ಕಂಬಗಳು ಹೆಚ್ಚಿದಂತೆಲ್ಲ ಆ ಅನುಪಾತ ಅದೇ ವರ್ಗಮೂಲದ ಕಡೆಗೆ ಸರಿಯುತ್ತದೆಂಬುದು ಮಾತ್ರ ನಿಸ್ಸಂದೇಹ.

ಪಂಡಿತರು: ಒಪ್ಪಿದೆ, ಅರ್ಧ ಮನಸ್ಸಿನಿಂದ. ಮೂರನೆಯ ಸಾಲಿಗೆ ಹೋಗೋಣ.

ಉಪಾಧ್ಯಾಯರು: ಮೂರು ಮನೆ ಅಗಲದ ಸಾಲಿಗೆ ಐದು ರೂಪ: 000, 100, 010, 001, 101. ಈ ಐದನ್ನು ಕಾಗದದ ಮೇಲೆ ಅಡ್ಡಲಾಗಿ ಬರೆದು, ಪ್ರತಿಯೊಂದರ ಕೆಳಗೆ 1 ಎಂದು ಹಾಕಿ. ಸಾಲು ಒಂದೇ ಇರುವಾಗ ಒಂದೊಂದು ರೂಪದಲ್ಲಿ ಮುಗಿಯತಕ್ಕ ವಿನ್ಯಾಸ ಒಂದೊಂದೇ. ಎರಡನೆಯ ಸಾಲು 000 ಆದರೆ ಅದರ ಮೇಲೆ ಐದರಲ್ಲಿ ಯಾವುದಾದರೂ ಇರಬಹುದು, ಆದುದರಿಂದ 5. ಅದು 100 ಆದರೆ ಮೇಲಿನ ಸಾಲಿನ ಮೊದಲ ಮನೆ ಬರಿದಾಗಿರಬೇಕು. ಅಂಥವು 000, 010, 001 ಎಂದು 3. 010ಕ್ಕೆ 4, 001ಕ್ಕೆ 3, 101ಕ್ಕೆ 2. ಒಟ್ಟು 17, ಎರಡು ಸಾಲು ಮೂರು ಕಂಬದ ಹಾಸನ್ನು ಹೊರಳಿಸಿ ನೋಡಿದ್ದಷ್ಟೇ ಆದಕಾರಣ ತಾವು ಮೊದಲು ಪಡೆದ 17ಕ್ಕೂ ಇದಕ್ಕೂ ಮೇಳ ಕೂಡಿತು. ಈಗ 5, 3, 4, 3, 2 ಇವುಗಳಿಂದಲೇ ಮೂರನೆಯ ಸಾಲು.

ಪಂಡಿತರು: 000ದ ಕೆಳಗೆ ಐದೂ ಕೂಡಿ 17. 100ರ ಕೆಳಗೆ, ಐದು, ನಾಲ್ಕು, ಮೂರು ಸೇರಿ 12. 010ರ ಕೆಳಗೆ ಐದು, ಮೂರು, ಮೂರು, ಎರಡು, 13. 001ಕ್ಕೆ ಮತ್ತೆ 12. 101ಕ್ಕೆ ಐದು, ನಾಲ್ಕು, 9. ಎಲ್ಲ ಕೂಡಿದರೆ 63.

ಉಪಾಧ್ಯಾಯರು: ಒಂಬತ್ತು ಮನೆಯ ಚೌಕಕ್ಕೆ 63. ಈಗ ಗಮನಿಸಬೇಕಾದದ್ದು ಏನೆಂದರೆ, ಮೂರನೆಯ ಸಾಲನ್ನು ಬರೆಯುವಾಗ ಮೊದಲನೆಯ ಸಾಲಿನಲ್ಲಿ ಏನಿತ್ತೆಂದು ತಾವು ಕೇಳಲೇ ಇಲ್ಲ. ಕೇಳಬೇಕಾದ ಆವಶ್ಯಕತೆಯೂ ಇರಲಿಲ್ಲ. ಕಟ್ಟಳೆಯು ನೆರೆಯವರನ್ನು ಮಾತ್ರ ಬಂಧಿಸುವುದರಿಂದ, ಕಳೆದ ಸಾಲುಗಳ ಸಮಸ್ತ ಚರಿತ್ರೆಯೂ ತೀರ ಈಚಿನ ಸಾಲಿನ ರೂಪದಲ್ಲಿ ಅಡಗಿಹೋಗಿ, ಅದರ ಮೂಲಕವಲ್ಲದೆ ಮುಂದಿನದನ್ನು ಮುಟ್ಟಲಾರದು. ಇದೇ ಉಪಾಯವನ್ನು 1941ರಲ್ಲಿ ಕ್ರಾಮರ್ಸ್ ಮತ್ತು ವಾನ್ಯೇ ಎಂಬ ಭೌತವಿಜ್ಞಾನಿಗಳು ಕಾಂತದ್ರವ್ಯದ ಪರಮಾಣುಗಳ ವಿನ್ಯಾಸಗಳನ್ನು ಎಣಿಸಲು ಬಳಸಿದರು. ಅದನ್ನು ಹಿಡಿದು 1944ರಲ್ಲಿ ಓನ್ಸಾಗರ್ ಎಂಬ ಮಹಾಶಯನು ಸಮತಲದ ಕಾಂತದ ಸಮಸ್ಯೆಯನ್ನು ಬಿಡಿಸಿ ಎಲ್ಲರನ್ನೂ ಬೆರಗುಗೊಳಿಸಿದನು.

ಪಂಡಿತರು: ಹಾಗಿದ್ದರೆ ಚದುರಂಗದ ಹಾಸನ್ನೇ ಎಣಿಸಿಬಿಡಬಹುದಲ್ಲ?

ಉಪಾಧ್ಯಾಯರು: ಎಣಿಸಿದ್ದಾರೆ. ಎಂಟು ಮನೆಯ ಸಾಲಿಗೆ 55 ರೂಪ. ಐವತ್ತೈದು ಸಂಖ್ಯೆಗಳನ್ನು ಸಾಲಿನಿಂದ ಸಾಲಿಗೆ ಏಳು ಸಲ ಇಳಿಸಿದರೆ ಮುಗಿಯಿತು. ಬಂದ ಉತ್ತರ 66,064 ಕೋಟಿ 79 ಲಕ್ಷ 62 ಸಾವಿರದ 955.

ಪಂಡಿತರು: ಇದಕ್ಕೆ ಅಧ್ವಯೋಗ ಹಾಕಬೇಕು! ಪ್ರಸ್ತಾರವನ್ನು ಬರೆಯಲು ಎಷ್ಟು ನೆಲ ಬೇಕೆಂಬ ಲೆಕ್ಕ ಅದು. ಒಂದು ರೂಪಕ್ಕೆ ಒಂದಂಗುಲ, ಎರಡು ರೂಪಗಳ ನಡುವೆ ಒಂದಂಗುಲ ತೆರಪು, ಆದುದರಿಂದ ಸಂಖ್ಯೆಯ ಇಮ್ಮಡಿಯಲ್ಲಿ ಒಂದು ಕಳೆದಷ್ಟು ಅಂಗುಲ. ಅಂಗುಲವನ್ನು ಮುಕ್ಕಾಲು ಇಂಚಿಗೆ ಹಿಡಿಯಿರಿ.

ಉಪಾಧ್ಯಾಯರು: ಎರಡೂವರೆ ಕೋಟಿ ಕಿಲೋಮೀಟರು ಆಗುತ್ತದೆ. ಭೂಮಿಯಿಂದ ಚಂದ್ರನಿಗೆ ಮೂವತ್ತೆರಡು ಸಲ ಹೋಗಿ ಬಂದರೂ ಇನ್ನೂ ಸ್ವಲ್ಪ ದಾರಿ ಉಳಿಯುತ್ತದೆ.

ಪಂಡಿತರು: ಬರೆದು ಎಣಿಸಿದರಾಯಿತೆಂದು ನಾನು ಆರಂಭದಲ್ಲಿ ಆಡಿದ ಮಾತು ಇಲ್ಲಿಗೆ ಸತ್ತಿತು. ಆದರೆ ತಮ್ಮ ಮಾತು ಮಾತ್ರ ಬದುಕಿದೆ ಎಂದು ನನಗೆ ತೋರುವುದಿಲ್ಲ. ಬರೆಯದೆಯೇ ಎಣಿಸುವ ಉಪಾಯ ಕೈಯಲ್ಲಿರುವಾಗ ಉತ್ತರ ತಿಳಿಯದೆಂಬುದರ ಅರ್ಥವೇನು?

ಉಪಾಧ್ಯಾಯರು: ಅರ್ಥವನ್ನು ಬಿಡಿಸಿ ಹೇಳಬೇಕು. ಒಂದು ಸಾಲಿನ ಹಾಸು ಒಂದೊಂದು ಮನೆ ಹೆಚ್ಚಿದಂತೆ ಸುಮಾರು 1.618ರ ಪ್ರಮಾಣದಲ್ಲಿ ಬೆಳೆಯುತ್ತದೆ. ಐದರ ವರ್ಗಮೂಲಕ್ಕೆ ಒಂದು ಕೂಡಿಸಿ ಅರ್ಧಿಸಿದರೆ ಬರುವುದು ಅದೇ. ಎರಡು ಸಾಲಿನ ಹಾಸಿನಲ್ಲಿ ಮನೆಯೊಂದಕ್ಕೆ ಬೆಳವಣಿಗೆ 1.554ರಷ್ಟು, ಅದೂ ಎರಡರ ವರ್ಗಮೂಲದಿಂದ ದೊರೆಯುತ್ತದೆ. ಹೀಗೆ ಸಾಲುಗಳು ಹೆಚ್ಚಿದಂತೆ ಈ ಪ್ರಮಾಣ ತಗ್ಗುತ್ತ ತಗ್ಗುತ್ತ, ಎರಡು ದಿಕ್ಕಿಗೂ ಅಪಾರವಾಗಿ ಹರಡಿದ ಹಾಸಿನಲ್ಲಿ 1.5030480824 ಎಂದು ಮೊದಲಾಗುವ ಒಂದು ಸಂಖ್ಯೆಯಲ್ಲಿ ನಿಲ್ಲುತ್ತದೆ. ದಶಮಾಂಶ ಸ್ಥಾನಗಳನ್ನು ಇನ್ನೂ ಎಷ್ಟೋ ಮುಂದಕ್ಕೆ ಗಣಿಸಿದ್ದಾರೆ. ಆದರೆ ಆ ಸಂಖ್ಯೆ ಯಾವುದರ ಮೂಲ, ಯಾವ ಸಮೀಕರಣದಿಂದ ಹುಟ್ಟಿದ್ದು ಎಂದು ಕೇಳಿದರೆ ಎಲ್ಲರೂ ಮೌನ. ಐದರ ವರ್ಗಮೂಲ ಎಂದು ಹೇಳಿದಂತೆ ಅದನ್ನು ಹೇಳಲು ಬರುವುದಿಲ್ಲ.

ಪಂಡಿತರು: ಅಗಲ ಹೆಚ್ಚಿದಂತೆ ರೂಪಗಳ ಪಟ್ಟಿಯೂ ಬೆಳೆಯುವುದರಿಂದ ಈ ತೊಡಕು ಬಂತೆಂದು ತೋರುತ್ತದೆ. ಕಟ್ಟಳೆ ಸಮತಲಕ್ಕೆ ಏರಿದ ಮೇಲೆ ಇದು ಅನಿವಾರ್ಯವಾದ ಗತಿಯಲ್ಲವೆ?

ಉಪಾಧ್ಯಾಯರು: ಎಲ್ಲರಿಗೂ ಮೊದಲು ಹಾಗೆಯೇ ತೋರುತ್ತದೆ, ಆದರೆ ಅದು ನಿಜವಲ್ಲ, ನನ್ನನ್ನು ಈ ಕಾಗದಕ್ಕೆ ಕಟ್ಟಿಹಾಕಿರುವ ವಿಷಯವೂ ಅದೇ. ಕಟ್ಟಳೆಯನ್ನು ಬದಲಿಸಿ ನೋಡಿ. ಮೂರು ಸಾಲು ಮೂರು ಕಂಬದ ಹಾಸಿನಲ್ಲಿ 1ರಿಂದ 9ರವರೆಗಿನ ಅಂಕಗಳನ್ನು, ಬಲಕ್ಕೆ ಹೋದರೂ ಕೆಳಕ್ಕೆ ಇಳಿದರೂ ನೆರೆಮನೆಯ ಅಂಕ ಹೆಚ್ಚಾಗುವಂತೆ ಬರೆಯಬೇಕು. ಕಟ್ಟಳೆ ಇಲ್ಲದಿದ್ದರೆ 362880 ಬಗೆ. ಕಟ್ಟಳೆಯೊಡನೆ ಎಷ್ಟೆಂಬುದಕ್ಕೆ ಫ್ರೇಮ್, ರಾಬಿನ್ಸನ್, ಥ್ರಾಲ್ ಎಂಬ ಮೂವರು 1954ರಲ್ಲಿ ಪ್ರಕಟಿಸಿದ ಸೂತ್ರವಿದು: ಪ್ರತಿಯೊಂದು ಮನೆಗೂ ಅದರ ಬಲಕ್ಕಿರುವ ಮನೆಗಳನ್ನೂ ಅದರ ಕೆಳಗಿರುವ ಮನೆಗಳನ್ನೂ ಅದನ್ನೂ ಸೇರಿಸಿ ಎಣಿಸಿ, ಬಂದ ಸಂಖ್ಯೆಯನ್ನು ಆ ಮನೆಯಲ್ಲಿ ಬರೆಯಿರಿ, ಎಲ್ಲವನ್ನೂ ಗುಣಿಸಿ, ಆ ಗುಣಲಬ್ಧದಿಂದ 362880ನ್ನು ಭಾಗಿಸಿ.

ಪಂಡಿತರು: ಮೇಲಿನ ಸಾಲಿನಲ್ಲಿ 5, 4, 3, ನಡುವೆ 4, 3, 2, ಕೆಳಗೆ 3, 2, 1. ಅರುವತ್ತು, ಇಪ್ಪತ್ತನಾಲ್ಕು, ಆರು... ಗುಣಿಸಿದರೆ 8640. ಭಾಗಿಸಿದರೆ 42. ಇಷ್ಟೇ?

ಉಪಾಧ್ಯಾಯರು: ಇಷ್ಟೇ. ಹಾಸು ಎಷ್ಟು ದೊಡ್ಡದಾದರೂ ಇಷ್ಟೇ. ಈ ಕೋಷ್ಠಕಗಳನ್ನು ಗಣಿತಕ್ಕೆ ತಂದ ಆಲ್ಫ್ರೆಡ್ ಯಂಗ್ ಮುಂದೆ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಬರ್ಡ್‌ಬ್ರೂಕ್ ಎಂಬ ಗ್ರಾಮದಲ್ಲಿ ಪಾದ್ರಿಯಾಗಿ, ಧರ್ಮೋಪದೇಶದ ಮಧ್ಯೆ ಗಣಿತವನ್ನೂ ನಡೆಸಿಕೊಂಡು ಬಂದನು. ಇನ್ನೊಂದು ಕಟ್ಟಳೆ: ಅಂಕಗಳು ಯಾವುವಾದರೂ ಆಗಲಿ, ಋಣವೂ ಆಗಲಿ, ನೆರೆಮನೆಗಳ ನಡುವಣ ಅಂತರ ಸರಿಯಾಗಿ ಒಂದೇ ಆಗಿರಬೇಕು, ಹೆಚ್ಚೂ ಕೂಡದು, ಕಡಮೆಯೂ ಕೂಡದು. ಮೊದಲ ಮೂಲೆಯಲ್ಲಿ 0 ಎಂದು ನಿಶ್ಚಯಿಸಿಕೊಳ್ಳಿ. ನಾಲ್ಕು ಮನೆಯ ಚೌಕಕ್ಕೆ ಎಷ್ಟು ಬಗೆ?

ಪಂಡಿತರು: ಬಲಕ್ಕೆ ಒಂದು ಏರಬಹುದು ಇಳಿಯಬಹುದು, ಕೆಳಕ್ಕೂ ಹಾಗೆಯೇ. ಎರಡೂ ಏರಿದರೆ ಎದುರು ಮೂಲೆಯಲ್ಲಿ 0 ಅಥವಾ 2. ಎರಡೂ ಇಳಿದರೆ 0 ಅಥವಾ ಋಣ 2. ಒಂದೇರಿ ಒಂದಿಳಿದರೆ ನಡುವೆ ಸಿಕ್ಕುವುದು 0 ಮಾತ್ರ. ಒಟ್ಟು ಆರು.

ಉಪಾಧ್ಯಾಯರು: ಒಂಬತ್ತು ಮನೆಗೆ 82. ಈ ಅಂಕಗಳನ್ನು ಮೂರರಿಂದ ಭಾಗಿಸಿ ಶೇಷವನ್ನು ಮಾತ್ರ ಉಳಿಸಿಕೊಂಡರೆ, ನೆರೆಯ ಮನೆಗಳಿಗೆ ಒಂದೇ ಬಣ್ಣ ಬಾರದಂತೆ ಮೂರು ಬಣ್ಣಗಳನ್ನು ಬಳಿದ ಹಾಸಾಗುತ್ತದೆ, ಅದು ಹಾಗಿರಲಿ. ನಾನು ಹೇಳಹೊರಟದ್ದು ನೀರ್ಗಲ್ಲಿನ ವಿಷಯ. ನಾಲ್ಕು ಮನೆಗಳು ಕೂಡುವ ಬಿಂದುವಿನಲ್ಲಿ ಒಂದು ಆಮ್ಲಜನಕದ ಪರಮಾಣು ಇದೆಯೆಂದೂ, ಎರಡು ಮನೆಗಳ ನಡುವಣ ಗೋಡೆಯಲ್ಲಿ ಒಂದು ಜಲಜನಕದ ಪರಮಾಣು ಇದೆಯೆಂದೂ ಭಾವಿಸಿ. ಆ ಗೋಡೆಯನ್ನು ದಾಟುವಾಗ ಅಂಕ ಏರಿತೋ ಇಳಿಯಿತೋ ಎಂಬುದರಿಂದ, ಜಲಜನಕವು ಗೋಡೆಯ ಯಾವ ತುದಿಯ ಆಮ್ಲಜನಕಕ್ಕೆ ಹತ್ತಿರವೆಂಬುದು ನಿಶ್ಚಿತವಾಗಲಿ. ಒಂದು ಬಿಂದುವಿನ ಸುತ್ತಲೂ ನಾಲ್ಕು ಗೋಡೆ ದಾಟಿ ಹೊರಟ ಮನೆಗೆ ಬಂದರೆ ಅಂಕ ಮೊದಲಿನದೇ ಆಗಿರಬೇಕಾದುದರಿಂದ ಎರಡು ಏರು, ಎರಡು ಇಳಿ ಇರಲೇಬೇಕು.

ಪಂಡಿತರು: ಅಂದರೆ ಪ್ರತಿಯೊಂದು ಆಮ್ಲಜನಕಕ್ಕೂ ಎರಡು ಜಲಜನಕಗಳು ಹತ್ತಿರ, ಎರಡು ದೂರ. ಹತ್ತಿರವಿರುವ ಎರಡು ಸೇರಿ ನೀರಿನ ಕಣ!

ಉಪಾಧ್ಯಾಯರು: ಅದೇ. ಗಟ್ಟಿಯಾದ ನೀರು ನಿರಪೇಕ್ಷ ಶೂನ್ಯದ ಶೈತ್ಯವನ್ನು ಸಮೀಪಿಸಿದರೂ ಅದರಲ್ಲಿ ಒಂದು ಅವ್ಯವಸ್ಥೆ ಉಳಿದೇ ಇರುತ್ತದೆಂಬುದನ್ನು ವಿವರಿಸಲು ಪೌಲಿಂಗ್ ಮಹಾಶಯನು 1935ರಲ್ಲಿ ಇಂಥ ವಿನ್ಯಾಸಗಳನ್ನು ಸ್ಥೂಲವಾಗಿ ಎಣಿಸಿ, ಕಣವೊಂದಕ್ಕೆ ಒಂದೂವರೆ ಬಗೆಯೆಂದು ಹೇಳಿದನು. ಮರುವರ್ಷ ಜಿಯೋಕ್ ಮತ್ತು ಸ್ಟೌಟ್ ಶಾಖದ ಮಾಪನಗಳಿಂದ ಅದನ್ನು ಸಮರ್ಥಿಸಿದರು. ಸಮತಲದ ನೀರ್ಗಲ್ಲಿಗೆ ನಿಷ್ಕೃಷ್ಟವಾದ ಉತ್ತರವನ್ನು 1967ರಲ್ಲಿ ಎಲಿಯಟ್ ಲೀಬ್ ಕೊಟ್ಟನು. ಅದು 27ರ ಮೇಲೆ 64ರ ವರ್ಗಮೂಲ, ಸುಮಾರು 1.5396. ಸೊನ್ನೆ ಒಂದುಗಳ ಹಾಸಿಗಿಂತ ಎಷ್ಟೋ ಜಟಿಲವಾಗಿ ಕಾಣುವ ಈ ಹಾಸು ಇಷ್ಟು ಹಗುರವಾದ ಸಂಖ್ಯೆಗೆ ತಲೆಬಾಗಿತು. ಮೂರು ಆಯಾಮದ ನಿಜವಾದ ನೀರ್ಗಲ್ಲು ಮಾತ್ರ ಇನ್ನೂ ಬಾಗಿಲ್ಲ.

ಪಂಡಿತರು: ಹಾಗಾದರೆ ದೋಷ 1ಗಳ ಕಟ್ಟಳೆಯದೇ ಇರಬೇಕು. ನೆರೆಯವರನ್ನು ತೀರ ದೂರವಿಡುವ ಮಡಿವಂತಿಕೆಗೆ ಗಣಿತ ಒಲಿಯದೇನೋ.

ಉಪಾಧ್ಯಾಯರು: ಅದೂ ಅಲ್ಲ. ಕಟ್ಟಳೆಯನ್ನು ಹಾಗೆಯೇ ಇಟ್ಟುಕೊಂಡು ಮನೆಗಳ ಆಕಾರವನ್ನು ಮಾತ್ರ ಬದಲಿಸಿ. ಚೌಕಕ್ಕೆ ಬದಲು ಜೇನುಹುಟ್ಟಿನ ಕೋಶಗಳಂತೆ ಷಟ್ಕೋನ ಮಾಡಿ. ಈಗ ಪ್ರತಿಯೊಂದಕ್ಕೂ ಆರು ನೆರೆ. ಮಡಿ ಇನ್ನೂ ಹೆಚ್ಚಾಯಿತೇ ಹೊರತು ಕಡಮೆಯಾಗಲಿಲ್ಲ. ಇದನ್ನು ಆಸ್ಟ್ರೇಲಿಯದ ರಾಡ್ನಿ ಬ್ಯಾಕ್ಸ್ಟರ್ 1980ರಲ್ಲಿ ಸಂಪೂರ್ಣವಾಗಿ ಬಿಡಿಸಿದನು. ಇಲ್ಲಿನ ಪ್ರಮಾಣ 1.395485 ಎಂದು ಮೊದಲಾಗುತ್ತದೆ. ಅದು ಪೂರ್ಣಾಂಕಗಳ ಗುಣಕಗಳುಳ್ಳ ಒಂದು ಸಮೀಕರಣದ ಮೂಲ. ಆ ದಾರಿಯಲ್ಲಿ ಅವನಿಗೆ ಎದುರಾದವರು ಯಾರೆಂದರೆ ನಮ್ಮ ಕುಂಭಕೋಣದ ರಾಮಾನುಜನ್.

ಪಂಡಿತರು: ಅವರು ಕಾಲವಾಗಿ ಆಗಲೇ ಅರುವತ್ತು ವರ್ಷ!

ಉಪಾಧ್ಯಾಯರು: ಅವರ ಸಮೀಕರಣಗಳು ಎದುರಾದುವು. ತಮ್ಮ ಒಂದು ಸಾಲಿಗೆ ಮರಳಿ ಬನ್ನಿ. ಮನೆಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಡಿ. 1ಗಳು ಯಾವ ಯಾವ ಮನೆಯಲ್ಲಿವೆಯೋ ಆ ಮನೆಗಳ ಸಂಖ್ಯೆಗಳನ್ನು ಕೂಡಿಸಿದರೆ ಒಂಬತ್ತಾಗಬೇಕು. ನೆರೆಯ ಕಟ್ಟಳೆಯೂ ಮುರಿಯಬಾರದು. ಎಷ್ಟು ಬಗೆ?

ಪಂಡಿತರು: ಒಂಬತ್ತನೆಯ ಮನೆಯೊಂದೇ, ಎಂಟು ಮತ್ತು ಒಂದು, ಏಳು ಮತ್ತು ಎರಡು, ಆರು ಮತ್ತು ಮೂರು, ಐದು ಮತ್ತು ನಾಲ್ಕು ಕೂಡದು, ನೆರೆಯವು. ಐದು, ಮೂರು, ಒಂದು ಆಗುತ್ತದೆ. ಐದು ಬಗೆ.

ಉಪಾಧ್ಯಾಯರು: ಇನ್ನು ನೆರೆಹೊರೆಯನ್ನು ಮರೆತುಬಿಡಿ. ಐದರಿಂದ ಭಾಗಿಸಿದರೆ ಒಂದೋ ನಾಲ್ಕೋ ಉಳಿಯತಕ್ಕ 1, 4, 6, 9 ಇವುಗಳನ್ನು ಮಾತ್ರ, ಎಷ್ಟು ಸಲ ಬೇಕಾದರೂ ಬಳಸಿ ಒಂಬತ್ತನ್ನು ಕೂಡಿಸಿ.

ಪಂಡಿತರು: ಒಂಬತ್ತು, ಆರಕ್ಕೆ ಮೂರು ಒಂದುಗಳು, ಎರಡು ನಾಲ್ಕುಗಳಿಗೆ ಒಂದು, ಒಂದು ನಾಲ್ಕಕ್ಕೆ ಐದು ಒಂದುಗಳು, ಬರಿಯ ಒಂಬತ್ತು ಒಂದುಗಳು. ಇವೂ ಐದು. ಇದು ಒಂಬತ್ತಕ್ಕೆ ಮಾತ್ರವೋ?

ಉಪಾಧ್ಯಾಯರು: ಯಾವ ಸಂಖ್ಯೆಯನ್ನು ತೆಗೆದುಕೊಂಡರೂ ಎರಡು ಲೆಕ್ಕವೂ ಒಂದೇ. ಇದನ್ನು 1894ರಲ್ಲಿ ರಾಜರ್ಸ್ ಎಂಬಾತನು ಸಾಧಿಸಿಟ್ಟಿದ್ದನು. ಯಾರೂ ಅದನ್ನು ಗಮನಿಸಲಿಲ್ಲ. ರಾಮಾನುಜನ್ ಇಂಗ್ಲೆಂಡಿಗೆ ಹೋಗುವ ಮೊದಲೇ ಅದನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದರು, ಆದರೆ ಪ್ರಮಾಣ ದೊರೆತಿರಲಿಲ್ಲ. 1917ರಲ್ಲಿ ಲಂಡನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಹಳೆಯ ಸಂಪುಟಗಳನ್ನು ತಿರುವಿಹಾಕುತ್ತಿದ್ದಾಗ ರಾಜರ್ಸನ ಲೇಖನ ಅವರ ಕಣ್ಣಿಗೆ ಬಿದ್ದಿತು. ಬ್ಯಾಕ್ಸ್ಟರ್ ತನ್ನ ಷಟ್ಕೋನದ ಹಾಸನ್ನು ಸಾಲುಸಾಲಾಗಿ ಇಳಿಸದೆ, ನಡುವಣ ಒಂದು ಬಿಂದುವಿನ ಸುತ್ತ ಮೂಲೆಗಳಾಗಿ ಸೀಳಿದನು. ಆಗ ಅವನು ಕೂಡಿಸಬೇಕಾಗಿ ಬಂದದ್ದು ಬಿಂದುವಿನಿಂದ ಹೊರಕ್ಕೆ ಹೋಗುವ ಒಂದೇ ಸಾಲನ್ನು: ನೆರೆಹೊರೆಯಲ್ಲಿ 1ಗಳಿಲ್ಲದ, ಮನೆಗೊಂದು ತೂಕವುಳ್ಳ, ತಾವು ಈಗ ಎಣಿಸಿದಂಥ ಸಾಲು.

ಪಂಡಿತರು: ಷಟ್ಕೋನಕ್ಕೆ ಇಷ್ಟೆಲ್ಲ ಕೃಪೆ ತೋರಿದ ವಿಧಿ ಚೌಕವನ್ನೇಕೆ ಕೈಬಿಟ್ಟಿತು? ಚೌಕದ ಹಾಸನ್ನೂ ಅವನು ಮೂಲೆಗಳಾಗಿ ಸೀಳಬಹುದಾಗಿತ್ತಲ್ಲ?

ಉಪಾಧ್ಯಾಯರು: ಸೀಳಿದನು, ಅದರಿಂದ ಆ ಸಂಖ್ಯೆಯ ದಶಮಾಂಶಗಳು ಬಹುದೂರದವರೆಗೆ ಸಿಕ್ಕಿದುವು. ಆದರೆ ಷಟ್ಕೋನದಲ್ಲಿ ಮೂಲೆಯ ಪಟ್ಟಿಗಳ ಅಂಕೆಗಳು ಒಂದು ಕ್ರಮಕ್ಕೆ ಒಳಪಟ್ಟು ಸಾಲಾಗಿ ನಿಂತುವು, ಚೌಕದಲ್ಲಿ ನಿಲ್ಲಲಿಲ್ಲ. ಯಾವ ಹಾಸಿನಲ್ಲಿ ಅವು ನಿಲ್ಲುತ್ತವೆಂಬುದಕ್ಕೆ ಈಗ ಕೆಲವು ಲಕ್ಷಣಗಳನ್ನು ಬಲ್ಲರು. ಕಟ್ಟಳೆಯ ಸರಳತೆ ಆ ಲಕ್ಷಣಗಳಲ್ಲಿ ಸೇರಿಲ್ಲ. ನೋಡುವವನ ಕಣ್ಣಿಗೆ ಸುಲಭವಾದದ್ದು ಒಳಗೆ ಸುಘಟಿತವಾಗಿರಬೇಕೆಂಬ ನಿಯಮವನ್ನು ಸಂಖ್ಯೆಗಳು ಎಂದೂ ಒಪ್ಪಿಕೊಂಡಿಲ್ಲ. ಒಪ್ಪಿಕೊಂಡಿವೆಯೆಂದು ತಿಳಿದುಕೊಳ್ಳುವುದು ನಮ್ಮ ಶಾಲೆಯ ಪುಸ್ತಕಗಳು ನಮಗೆ ಕಲಿಸಿದ ದುರಭ್ಯಾಸ.

ಪಂಡಿತರು: ಮೂಲೆಗೆ ಮೂಲೆ ತಾಗುವುದನ್ನೂ ನಿಷೇಧಿಸಿದರೆ? ಆಗ ಚೌಕದ ಮನೆಗೆ ಎಂಟು ನೆರೆಯಾದುವು. ಚದುರಂಗದ ಅರಸು ನಡೆಯುವ ಮನೆಗಳೆಲ್ಲವೂ ನಿಷಿದ್ಧ. ಎರಡು ಸಾಲಿನ ಹಾಸಿನಲ್ಲಿ 1 ಇರುವ ಕಂಬದ ಮುಂದೆ ಖಾಲಿ ಕಂಬವೇ ಬರಬೇಕು. ಹಾಗಾದರೆ ಹಿಂದಿನ ಸಂಖ್ಯೆಗೆ ಅದರ ಹಿಂದಿನದರ ಇಮ್ಮಡಿಯನ್ನು ಕೂಡಿಸಬೇಕು: 3, 5, 11, 21, 43. ಪ್ರತಿಯೊಂದೂ ಹಿಂದಿನದರ ಇಮ್ಮಡಿಗೆ ಒಮ್ಮೆ ಒಂದು ಕಡಮೆ, ಒಮ್ಮೆ ಒಂದು ಹೆಚ್ಚು. ಇದು ತುಂಬ ಅಚ್ಚುಕಟ್ಟಾಗಿದೆ!

ಉಪಾಧ್ಯಾಯರು: ಎರಡು ಸಾಲಿನವರೆಗೆ ಎಲ್ಲವೂ ಅಚ್ಚುಕಟ್ಟೇ. ಒಂಬತ್ತು ಮನೆಗೆ ಮಾಡಿ ನೋಡಿ. ಐದು ರೂಪಗಳು ಮೊದಲಿನವೇ.

ಪಂಡಿತರು: ಎರಡನೆಯ ಸಾಲು: 000ಕ್ಕೆ 5, 100ರ ಮೇಲೆ 000 ಅಥವಾ 001, ಆದುದರಿಂದ 2, 010ಕ್ಕೆ 1, 001ಕ್ಕೆ 2, 101ಕ್ಕೆ 1. ಒಟ್ಟು 11, ಸರಿಯಾಯಿತು. ಮೂರನೆಯದಕ್ಕೆ 11, ಐದು ಎರಡು ಕೂಡಿ 7, ಮುಂದೆ 5, ಮತ್ತೆ 7, ಮತ್ತೆ 5. ಮೂವತ್ತೈದು.

ಉಪಾಧ್ಯಾಯರು: ಮೂವತ್ತೈದು ಸರಿ. ಹದಿನಾರು ಮನೆಗೆ 314. ಅಪಾರವಾದ ಹಾಸಿನಲ್ಲಿ ಮನೆಯೊಂದಕ್ಕೆ 1.3426ರಷ್ಟು, ಅದಕ್ಕೂ ಸೂತ್ರ ಸಿಕ್ಕಿಲ್ಲ.

ಪಂಡಿತರು: ಆ ಹದಿನಾರು ಮನೆಯನ್ನು ನಾನೇ ಒಮ್ಮೆ ಇಳಿಸಿ ನೋಡುತ್ತೇನೆ. ಆ ಸೀಸದಕಡ್ಡಿಯನ್ನು ಈ ಕಡೆ ಕೊಡಿ.